ಕರಿಬೇವಿಗೊಂದು ಬಿಸಿಲೂಟ

ಮೊಳಕಾಲ್ಮೂರಿನಲ್ಲಿ ಗಿಡಕ್ಕೆ ಹೊತ್ತುಹೊತ್ತಿಗೆ ಊಟ ಬಡಿಸುವ ಮನುಷ್ಯ ಒಬ್ಬರೇ. ಅವರು ನನ್ನ ಸೋದರಮಾವ! ನೀರು, ಗೊಬ್ಬರ ಹಾಕುವುದು ಎಂದುಕೊಂಡಿರೇನು? ಅದನ್ನು ಯಾರಾದರೂ ಮಾಡಿಯಾರು. ನಮ್ಮ ಮಾವ ಬಡಿಸುವುದು ಬಿಸಿಲನ್ನು. ನಂಬದವರು ಚಳ್ಳಕೆರೆಯಿಂದ ಬಸ್ಸು ಹತ್ತಿ ಬಂದು ನೋಡಬಹುದು. ಕಪ್ಪು ಕನ್ನಡಕ ಮಾತ್ರ ಮರೆಯಬೇಡಿ.

ಮಾವ ರೇಷ್ಮೆ ಸೀರೆ ನೇಯುವವರು. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತರೆ ಅರ್ಧ ಮನುಷ್ಯ ನೆಲದೊಳಗೆ, ಅರ್ಧ ಹೊರಗೆ. ಬಹುಶಃ ಅದಕ್ಕೇ ಅವರಿಗೆ ಮನುಷ್ಯರಿಗಿಂತ ಗಿಡಗಳ ಜೊತೆ ನೆಂಟಸ್ತಿಕೆ ಜಾಸ್ತಿ. ಒಮ್ಮೆ ಮೊಮ್ಮಗಳು ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು: ಎಲೆಯೊಳಗಿನ ಹಸಿರು, ಬಿಸಿಲಿನ ಬಲದಿಂದ ಗಾಳಿಯನ್ನೂ ನೀರನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ, ಇದಕ್ಕೆ ದ್ಯುತಿಸಂಶ್ಲೇಷಣೆ ಎಂದು ಹೆಸರು. ಮಾವ ಲಾಳಿ ನಿಲ್ಲಿಸಿದರು. ಆ ಹೆಸರು ಅವರ ನಾಲಿಗೆಯಲ್ಲಿ ಇವತ್ತಿಗೂ ಹೊರಳಿಲ್ಲ. ವಿಷಯ ಮಾತ್ರ ತಲೆಗೇರಿ ಕೂತಿತು.

"ಅಂದ್ರೆ ಎಲೆನೇ ಅಡುಗೆಮನೆ, ಬಿಸಿಲೇ ಸೌದೆ. ಅಲ್ಲೇನಲೇ ಅಳಿಯ?"

ನಾನು ಹೌದೆಂದೆ. ಅನ್ನಬಾರದಿತ್ತು.

ಅದೇ ಹೊತ್ತಿಗೆ ಪಕ್ಕದ ಮನೆಯವರು ಎರಡು ಅಂತಸ್ತು ಏರಿಸಿದ್ದರು. ಹಿತ್ತಲಲ್ಲಿ ಅತ್ತೆ ನೆಟ್ಟಿದ್ದ ಕರಿಬೇವಿನ ಗಿಡಕ್ಕೆ ನೆರಳು ಕವಿದು, ಎಲೆ ಹಳದಿಯಾಗಿ ಉದುರತೊಡಗಿತ್ತು. ಮಾವ ಪಂಚೆ ಎತ್ತಿಕಟ್ಟಿ ಅವರ ಬಾಗಿಲಿಗೇ ಹೋದರು.

"ನಮ್ಮ ಗಿಡದ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೋ!"

"ಕಲ್ಲಲ್ರೀ, ಇಟ್ಟಿಗೆ," ಎಂದ ಪಕ್ಕದವನು ಶಾಂತವಾಗಿ.

ಮರುದಿನ ಬೀರುವಿನ ಕನ್ನಡಿ ಕಳಚಿ ಬಂದು, ಬಿಸಿಲು ಬೀಳುವ ಹಿತ್ತಲ ಗೋಡೆಯ ಮೇಲೆ ನಿಂತಿತು. ಬಿಸಿಲು ಅದಕ್ಕೆ ಬಡಿದು ಗಿಡದ ಮೇಲೆ ಬೀಳಬೇಕು. ಸೂರ್ಯ ಸರಿದಾಗಲೆಲ್ಲ ಮಾವ ಮಗ್ಗದ ಗುಂಡಿಯಿಂದೆದ್ದು ಕನ್ನಡಿಯನ್ನು ಸರಿಸಬೇಕು. ಕುಂಕುಮ ಇಟ್ಟುಕೊಳ್ಳಲು ಅತ್ತೆ ಹಿತ್ತಲಿಗೆ ಹೋಗಬೇಕು.

"ನನ್ನ ಮುಖಕ್ಕಿಂತ ಕರಿಬೇವಿನ ಮುಖ ಚೆಂದ ಕಾಣ್ತೈತೇನ್ರಿ ನಿಮಗೆ?"

"ಅದು ಒಂದು ದಿನಾನಾದ್ರೂ ನಿನ್ನಂಗೆ ಬೈದೈತೇನೇ?"

ಮದುವೆ ಸೀರೆಗೆ ಹೇಳಿಹೋಗಿದ್ದವರು ಬಂದರು. ಸೀರೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಮುಹೂರ್ತ ಹತ್ತಿರವಾಯಿತೆಂದು ಗೋಳಾಡಿದರು.

"ಮುಹೂರ್ತನ ಮುಂದಕ್ಕೆ ಹಾಕ್ಕೊಳ್ರಿ. ಸೂರ್ಯನ್ನ ಮುಂದಕ್ಕೆ ಹಾಕಾಕೆ ಆಗ್ತೈತೇನು?"

ಅವರು ಬೇರೆ ಮಗ್ಗ ಹುಡುಕಿಕೊಂಡು ಹೋದರು.

ಇಷ್ಟಾದರೂ ಗಿಡ ಚಿಗುರಲಿಲ್ಲವೇಕೆ? ಒಂದು ದಿನ ಹಿತ್ತಲಲ್ಲೇ ಕೂತು ನೋಡಿದೆ. ಚಿಗುರೇನೋ ಬಂದಿತ್ತು. ಆದರೆ ಕನ್ನಡಿ ಸರಿಸಿದಾಗಲೆಲ್ಲ ಮಾವ ಒಂದು ಚಿಗುರೆಲೆ ಕಿತ್ತು, ಬಾಯಿಗಿಟ್ಟು, ಕಣ್ಣು ಮುಚ್ಚುತ್ತಿದ್ದರು. "ಇನ್ನೂ ಸಿಹಿ ಬಂದಿಲ್ಲಲೇ." ಅಡುಗೆ ಆಯಿತೇ ಎಂದು ನೋಡಲು ಅಡುಗೆಮನೆಯನ್ನೇ ತಿನ್ನುವವರಿಗೆ ಏನು ಹೇಳುವುದು? ಆದರೂ ಹೇಳಿದೆ. ತಿನ್ನುವುದು ಬಿಟ್ಟರು. ಗಿಡ ಚಿಗುರಿತು. ಶ್ರೇಯಸ್ಸು ಯಾರಿಗೆ ಹೋಯಿತು? "ಕನ್ನಡಿ ಮಾಡಿದ ಕೆಲಸ ನೋಡಲೇ!"

ಕಳೆದ ಚಳಿಗಾಲದಲ್ಲಿ ಅತ್ತೆ ಬಚ್ಚಲ ಬಾಗಿಲಲ್ಲಿ ಕುಸಿದರು. ಬಲಗೈ, ಬಲಗಾಲು ಅಲ್ಲಾಡಲಿಲ್ಲ. ಚಳ್ಳಕೆರೆಯ ಆಸ್ಪತ್ರೆಗೆ ಕರೆದೊಯ್ದವನು ನಾನು. ದಾರಿಯುದ್ದಕ್ಕೂ ಅವರ ಎಡಗೈ ನನ್ನ ಅಂಗಿಯನ್ನು ಬಿಡಲಿಲ್ಲ. ಆ ದಾರಿಯ ಬಗ್ಗೆ ಅಷ್ಟನ್ನು ಮಾತ್ರ ಹೇಳಬಲ್ಲೆ.

ಮನೆಗೆ ಕರೆತಂದ ಮೇಲೆ ಅವರನ್ನು ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿಸಿದರು. ಅಲ್ಲಿಗೂ ಅದೇ ಎರಡು ಅಂತಸ್ತಿನ ನೆರಳು. ಕೆಲವು ವಾರ ಕಳೆದು ನೋಡಲು ಹೋದೆ. ಮಗ್ಗ ಸುಮ್ಮನಿತ್ತು. ಕರಿಬೇವು ನೆರಳಲ್ಲಿ ನಿಂತಿತ್ತು, ಎಲೆಗಳು ಮತ್ತೆ ಹಳದಿ. ಕನ್ನಡಿ ಕಿಟಕಿಯತ್ತ ತಿರುಗಿತ್ತು. ಒಳಗೆ, ಹಾಸಿಗೆಯ ಮೇಲೆ ಚಾಚಿದ್ದ ಅತ್ತೆಯ ಬಲಗೈ ಮೇಲೆ ಒಂದು ಚೌಕ ಬಿಸಿಲು. ಅದು ಮೊಣಕೈ ದಾಟಿ ಹಾಸಿಗೆಗೆ ಜಾರಿತು. ಮಾವ ಎದ್ದು ಗೋಡೆಯವರೆಗೆ ಹೋಗಿ, ಕನ್ನಡಿಯನ್ನು ಒಂಚೂರು ತಿರುಗಿಸಿದರು. ಬಿಸಿಲು ಮತ್ತೆ ಕೈಗೆ ಬಂತು.

"ಗಿಡ, ಮಾವ?" ಎಂದೆ.

"ಉಪವಾಸ ಇರ್ಲಿ ಬಿಡೋ," ಎಂದರು. "ಮೊದ್ಲು ಇವಳದು ಊಟ ಆಗ್ಲಿ."