ಗೋಡೆಯ ಮೇಲಿನ ಮೂರನೆಯ ಮನೆ

ಬೇರೆಯವರ ಕೆಲಸವನ್ನು ಸುಧಾರಿಸುವುದರಲ್ಲಿರುವ ಸುಖ ಸ್ವಂತ ಕೆಲಸ ಮಾಡುವುದರಲ್ಲಿಲ್ಲ. ಬಡ್ತಿ ಬಂದ ಮೇಲೆ ನನಗಿದು ಗೊತ್ತಾಯಿತು. ಕೊಳ್ಳೇಗಾಲದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿಯಿದೆ. ಕಂಪನಿ ಎಂದರೆ ಗಾಬರಿಯಾಗಬೇಡಿ. ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ನಾವು ಮಾಲೀಕರನ್ನು ಬಿಟ್ಟರೆ ನಾಲ್ಕೇ ಜನ. ಮೂವರು ಕೆಲಸ ಮಾಡುತ್ತಾರೆ, ನಾನು ಆ ಕೆಲಸವನ್ನು ಉತ್ತಮಪಡಿಸುತ್ತೇನೆ.

ಇದಕ್ಕೆ ಮಾರ್ಗದರ್ಶಿ ಸೂತ್ರಗಳಿವೆ. ಕೆಲಸ ಎಲ್ಲಿ ನಿಂತಿದೆಯೆಂದು ಕಣ್ಣಿಗೆ ಕಾಣಬೇಕು, ತೊಡಕನ್ನು ಎಲ್ಲರೂ ಮುಚ್ಚುಮರೆಯಿಲ್ಲದೆ ಹೇಳಬೇಕು, ಮನುಷ್ಯನನ್ನು ದೂರದೆ ಪದ್ಧತಿಯನ್ನು ತಿದ್ದಬೇಕು, ಹೀಗೆ. ಬರೆದವರು ದೊಡ್ಡವರೇ ಇರಬೇಕು, ಆದರೆ ನಮ್ಮ ಕಡೆ ಎಂದೂ ಬಂದವರಲ್ಲ. ನಮ್ಮಲ್ಲಿ ಹಿರಿಯರ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಇನ್ನೊಂದು ಸೌಟು ಬಡಿಸಿಕೊಂಡೇ ಏಳುತ್ತೇವೆ.

ಆದರೂ ನಾನು ಬಿಡಲಿಲ್ಲ. ಚೌಕಾಬಾರಕ್ಕೆ ಬರೆದಂತೆ ಗೋಡೆಯ ಮೇಲೆ ಸಾಲಾಗಿ ನಾಲ್ಕು ಮನೆ ಬರೆದೆ: ಬರೆಯುವುದು, ಪರೀಕ್ಷೆ, ನನ್ನ ಒಪ್ಪಿಗೆ, ಗಿರಾಕಿಗೆ ಕಳಿಸುವುದು. ಒಂದೊಂದು ಕೆಲಸಕ್ಕೂ ಒಂದು ಚೀಟಿ. ಕೆಲಸ ಮುಂದೆ ಹೋದಂತೆ ಚೀಟಿಯನ್ನೂ ಕಿತ್ತು ಮುಂದಿನ ಮನೆಗೆ ಅಂಟಿಸಬೇಕು. ಸ್ವಲ್ಪ ದಿನದಲ್ಲೇ ಚೀಟಿಗಳೆಲ್ಲ ಮೂರನೆಯ ಮನೆಯಲ್ಲಿ ಬಂದು ಠಿಕಾಣಿ ಹೂಡಿದವು.

ಅಷ್ಟರಲ್ಲಿ ಯಳಂದೂರಿನ ಸೀರೆ ಅಂಗಡಿಯ ಪುಟ್ಟಸ್ವಾಮಪ್ಪನವರ ಫೋನು. "ಏನ್ ಸಾ ಇದು, ಗಿರಾಕಿ ವಾಪಸ್ ಕೊಟ್ಟ ಸೀರೆ ನನ್ ಕಣ್ಮುಂದೆ ಅದೆ, ನಿಮ್ ಕಂಪ್ಯೂಟ್ರು ಇಲ್ಲ ಅಂತದೆ! ಶನ್ವಾರದೊಳ್ಗೆ ಸರಿ ಮಾಡ್ಕೊಡ್ನಿಲ್ಲ ಅಂದ್ರೆ ಮೈಸೂರ್ನವ್ರದ್ದು ಆಕುಸ್ಕತೀನಿ." ಅವರು ನಮ್ಮ ಅತಿ ದೊಡ್ಡ ಗಿರಾಕಿ. ಅವರು ಕೈಬಿಟ್ಟರೆ ನಾಲ್ವರಲ್ಲಿ ಒಬ್ಬರನ್ನು ಮನೆಗೆ ಕಳಿಸಬೇಕಾಗುತ್ತದೆಂದು ಮಾಲೀಕರು ಹೇಳಿದರು. ನನಗೆ ಭಯವಾಯಿತು. ಯಾರನ್ನು ಕಳಿಸಬಹುದೆಂದು ಯೋಚಿಸಿದ ಮೇಲೆ ಇನ್ನೂ ಹೆಚ್ಚಾಯಿತು.

ಸಭೆ ಕರೆದೆ. "ಕೆಲಸ ಎಲ್ಲಿ ನಿಂತಿದೆ? ಸಂಕೋಚ ಬೇಡ, ಹೇಳಿ" ಎಂದೆ. ಎಲ್ಲರೂ ಮೂರನೆಯ ಮನೆಯನ್ನು ನೋಡಿದರು, ಆಮೇಲೆ ತಮ್ಮ ಕಾಲ್ಬೆರಳು ನೋಡಿಕೊಂಡರು. ಕೊನೆಗೆ ಸಾಫ್ಟ್‌ವೇರ್ ಬರೆಯುವ ಕಾಮಗೆರೆಯ ಮಹೇಶ ಗಂಟಲು ಸರಿಮಾಡಿಕೊಂಡು, "ಆ ಜಾಗ್ದಲ್ಲಿ ಗಮ್ಮು ಚೆನ್ನಾಗಿ ಇಡೀತದೆ ಸಾ" ಎಂದ. ಅವನು ಬರೆದದ್ದನ್ನು ಪರೀಕ್ಷೆ ಮಾಡುವ ಸುಮಾ, "ಊಂ ಸಾ, ಬಿಸ್ಲು ಬೀಳ್ತದಲ್ಲ, ಬೇಗ ಒಣ್ಗಿ ಕಚ್ಕತದೆ" ಎಂದು ಸೇರಿಸಿದಳು. ಮನುಷ್ಯನನ್ನು ದೂರಬಾರದೆಂಬ ಸೂತ್ರವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ನಾನೂ ಗಂಭೀರವಾಗಿ ಗೋಡೆ ಮುಟ್ಟಿ ನೋಡಿ, ಬೇರೆ ಗಮ್ಮು ತರಿಸಲು ಹೇಳಿದೆ.

ಗುರುವಾರ ಹೂಗ್ಯಂನಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ಹೋದರೆ ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಒಪ್ಪಿಗೆ ಕೊಡಲಾಗದೆ ಒದ್ದಾಡಿಬಿಟ್ಟೆ. ಎರಡನೆಯ ಸಲ ಬಡಿಸಿಕೊಂಡ ಪಾಯಸ ರುಚಿಸಲೇ ಇಲ್ಲ. ಶನಿವಾರ ಎದ್ದೆನೋ ಬಿದ್ದೆನೋ ಎಂದು ಓಡಿಬಂದರೆ ಮೂರನೆಯ ಮನೆ ಖಾಲಿ! ಪುಟ್ಟಸ್ವಾಮಪ್ಪನವರ ಸೀರೆ ಕಂಪ್ಯೂಟರಿನೊಳಗೆ ಬಂದು ಕೂತಿತ್ತು. ಖುಷಿಯಾಗಿ ಅವರು ತಮ್ಮ ಹನೂರಿನ ಅಂಗಡಿಗೂ ನಮ್ಮದನ್ನೇ ಹಾಕಿಸಲು ಹೇಳಿದ್ದರು.

"ಮತ್ತೆ ನನ್ನ ಒಪ್ಪಿಗೆ?" ಎಂದೆ.

"ನೀವು ಸಿಕ್ನಿಲ್ಲ ಸಾ" ಎಂದ ಮಹೇಶ. ಸುಮಾ ನನ್ನ ಕುರ್ಚಿಯ ಧೂಳು ಒರೆಸಿಕೊಟ್ಟು, "ಅಕ್ಕಾರ್ ಮನೇಲಿ ಇನ್ನೆರಡು ದಿವ್ಸ ಇದ್ಬರ್ಬೋದಿತ್ತಲ್ಲ ಸಾ" ಎಂದಳು.

ಎಂಥ ಕಾಳಜಿ! ಮಾಲೀಕರದ್ದಂತೂ ಇನ್ನೂ ಹೆಚ್ಚು. ಈಗ ಯಾವ ಗಿರಾಕಿ ಅವಸರ ಮಾಡಿದರೂ ಅವರು ಕೈಗೆ ಬಸ್ ಚಾರ್ಜು ಕೊಟ್ಟು, ಅಕ್ಕನನ್ನು ನೋಡಿಕೊಂಡು ಬಾ ಎಂದು ನನ್ನನ್ನು ಹೂಗ್ಯಂಗೆ ಕಳಿಸುತ್ತಾರೆ.