ಸೋರಿಕೆಯ ಜೀರ್ಣೋದ್ಧಾರ

ಓಹಾಯೋದ ಕಾರ್ವರ್ ಊರಿನ ಯೆಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ ೧೯೬೧ರಲ್ಲಿ ಉದ್ಘಾಟನೆಯಾದ ದಿನವೇ ಸೋರಿತು. ವಾಸ್ತುಶಿಲ್ಪಿ ಅದರ ಚಾವಣಿಯನ್ನು ಮಡಿಸಿದ ಕಾಗದದಂತೆ ಕಾಂಕ್ರೀಟಿನಲ್ಲಿ ಕಟ್ಟಿದ್ದ. ಕೇಳಿದ್ದಕ್ಕೆ "ಆಕಾಶ ಒಳಗೆ ಬರ್ತಿದೆ" ಎಂದು ಹೇಳಿ ಹೋದ.

ಆಕಾಶ ಬರುತ್ತಿದ್ದುದು ಮೂರನೇ ಸಾಲಿನಲ್ಲಿ, ಸೋಲ್ ಪೊಮೆರಾಂಟ್ಸ್‌ನ ತಲೆಯ ಮೇಲೆ. ಪ್ರಾರ್ಥನೆಗೆ ಎಲ್ಲರಿಗೂ ಖಾಯಂ ಜಾಗವಿರುವುದು ಪದ್ಧತಿ. ಸತ್ತ ಮೇಲೆ ಮಾತ್ರ ತೆರವು. ಪಕ್ಕದ ಜಾಗ ಹೆಂಡತಿ ಪರ್ಲ್‌ಳದು. ಕಳೆದ ವರ್ಷ ತೆರವಾಯಿತು. ಅದರಾಚೆ ಹೆಶ್ ಲಿಫ್‌ಷಿಟ್ಸ್. ಸೋರುವ ನೀರಿಗಿಡುವ ಬಕೆಟ್ಟಿನ ಬಣ್ಣದ ವಿಷಯದಲ್ಲಿ ಸೋಲ್ ಅವನೊಂದಿಗೆ ಮಾತು ಬಿಟ್ಟು ಮೂವತ್ತು ವರ್ಷ.

"ಒಂದು ಸಲವಾದ್ರೂ ಒಣಗಿರೋ ಗಂಡನ್ನ ಮನೆಗೆ ಕರ್ಕೊಂಡು ಹೋಗೋ ಭಾಗ್ಯ ನಂಗಿಲ್ಲ" ಎಂದು ಪರ್ಲ್ ಕೊನೆಯವರೆಗೂ ಗೊಣಗಿದ್ದಳು. ಅವಳ ವರ್ಷದ ತಿಥಿಗೆ, ಅದೇ ಜಾಗದಲ್ಲಿ, ಒಣ ಬಟ್ಟೆಯಲ್ಲಿ ನಿಂತು ಸತ್ತವರ ಪ್ರಾರ್ಥನೆಯಾದ ಕದ್ದಿಶ್ ಹೇಳಬೇಕೆಂಬುದು ಸೋಲ್‌ನ ಹಟ. ಅವನು ಓಡಾಡಿ ಜೀರ್ಣೋದ್ಧಾರ ಮಾಡಿಸಿದ. ಜೋರು ಮಳೆ ಬಂತು. ಒಳಗೆ ಒಂದು ಹನಿಯೂ ಬೀಳಲಿಲ್ಲ.

ಪಾರಂಪರಿಕ ಕಟ್ಟಡ ಆಯೋಗದ ಮಿಸ್ ಡಾಲ್‌ರಿಂಪಲ್ ಬಂದು, ಮೇಲೆ ನೋಡಿ, ಆದೇಶ ಓದಿದರು:

"ಸದರಿ ಕಟ್ಟಡವು ಮೂಲಸ್ಥಿತಿಯಲ್ಲಿ ಸೋರುತ್ತಿದ್ದು, ಪ್ರಸ್ತುತ ಸೋರದಿರುವುದು ಅನಧಿಕೃತ ಮಾರ್ಪಾಡಾಗಿರುತ್ತದೆ. ಸೋರಿಕೆಯನ್ನು ತಕ್ಷಣ ಪೂರ್ವಸ್ಥಾನದಲ್ಲಿ ಮರುಸ್ಥಾಪಿಸತಕ್ಕದ್ದು."

"ಪೂರ್ವಸ್ಥಾನ ಅಂದ್ರೆ ಎಲ್ಲಿ?" ಎಂದರು ಮಂದಿರದ ಗುರು ರಬ್ಬಿ ನವೋಮಿ.

"ಉದ್ಘಾಟನೆ ಫೋಟೋದಲ್ಲಿ ಒಬ್ಬ ಒದ್ದೆಯಾಗಿದಾನಲ್ಲ, ಅವನ ಮೇಲೆ."

"ಅದು ನಾನು," ಎಂದ ಸೋಲ್.

"ಸಂತೋಷ. ಹಾಗಾದ್ರೆ ನೀವೂ ಮೂಲಸ್ಥಿತಿಗೆ ಸೇರ್ತೀರಿ. ದಯವಿಟ್ಟು ಜಾಗ ಬಿಟ್ಟು ಕದಲಬೇಡಿ."

ಅವರು ಹೋದ ಮೇಲೆ ರಬ್ಬಿ ಮೆಲ್ಲಗೆ, "ಒಂದು ಸಾಲು ಹಿಂದೆ ನಿಂತ್ಕೋ ಸೋಲ್, ಯಾರು ನೋಡ್ತಾರೆ" ಎಂದರು.

"ಪರ್ಲ್ ನನ್ನ ಎಲ್ಲಿ ಅಂತ ಹುಡುಕ್ಬೇಕು?"

ತಿಥಿಯ ದಿನ ಮಳೆಯಿರಲಿಲ್ಲ. ಆದೇಶದಂತೆ ಮುಚ್ಚಿದ್ದ ಬಿರುಕನ್ನು ಮತ್ತೆ ತೆರೆದು, ಚಾವಣಿಗೆ ಪೈಪಿನಿಂದ ನೀರು ಬಿಡಲಾಯಿತು. ಕದ್ದಿಶ್‌ಗೆ ಹತ್ತು ಮಂದಿ ಬೇಕು. ಒಂಬತ್ತು ಮಂದಿ ಬಾಗಿಲು ನೋಡುತ್ತ ಕೂತರು. ಹತ್ತನೆಯವನಾಗಿ ಹೆಶ್ ಬಂದ, ಕೊಡೆಯೊಂದಿಗೆ. ತನ್ನ ಜಾಗದಲ್ಲೇ ನಿಂತು, ಪರ್ಲ್‌ಳ ಜಾಗದ ಮೇಲಿಂದ ಕೈ ಚಾಚಿ, ಸೋಲ್‌ನ ತಲೆಯ ಮೇಲೆ ಹಿಡಿದ. ಸೋಲ್ ಕದ್ದಿಶ್ ಹೇಳಿದ. ಹೆಶ್ "ಆಮೆನ್" ಎಂದ. ಅದನ್ನು ಮಾತೆಂದು ಇಬ್ಬರೂ ಪರಿಗಣಿಸಲಿಲ್ಲ.

ಸೋಲ್ ಒಣ ಬಟ್ಟೆಯಲ್ಲಿ ಮನೆಗೆ ಹೋದ.

ಮಿಸ್ ಡಾಲ್‌ರಿಂಪಲ್ ಮಾತ್ರ ಕೊಡೆಗೆ ಆಕ್ಷೇಪಿಸಿದರು, ಅದು ಫೋಟೋದಲ್ಲಿಲ್ಲ.

"ಐವತ್ತು ವರ್ಷ ಹಿಡಿದ್ರೆ ಅದೂ ಪಾರಂಪರಿಕವೇ ಅಲ್ವಾ?" ಎಂದರು ರಬ್ಬಿ.

ಆಯೋಗ ಒಪ್ಪಿತು. ಐವತ್ತು ವರ್ಷಗಳ ಅವಧಿಗೆ ಕೊಡೆ ಹಿಡಿಯಲು ಎಂಬತ್ನಾಲ್ಕರ ಹೆಶ್‌ನನ್ನು ನೇಮಿಸಲಾಗಿದೆ. ಸೋಲ್ ಈಗಲೂ ಅವನೊಂದಿಗೆ ಮಾತಾಡುವುದಿಲ್ಲ. ಎಡಭುಜ ಒದ್ದೆಯಾದರೆ ಕೆಮ್ಮುತ್ತಾನೆ, ಕೊಡೆ ಎಡಕ್ಕೆ ಸರಿಯುತ್ತದೆ.