ಐದು ಜನರ ಕಾರು

ನಮ್ಮ ವಂಶಕ್ಕೆ ಡಿಗ್ರಿ ಎನ್ನುವುದು ಕಂಪನಿ ಫಿಟಿಂಗ್ ಆಗಿ ಬಂದಿಲ್ಲ, ಹೊರಗಿನಿಂದ ಹಾಕಿಸಿದರೆ ನಿಲ್ಲುವುದೂ ಇಲ್ಲ ಎಂದು ನಾನು ಪಿಯುಸಿ ಪಾಸಾದ ದಿನವೇ ಸಾರಿದವರು ನನ್ನ ಸೋದರಮಾವ. ನೀವು ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮಾಡಿಕೊಳ್ಳಲಿಲ್ಲ. ಮನುಷ್ಯರನ್ನೂ ಕಾರಿನ ಹಾಗೆಯೇ ನೋಡುವ ಆಸಾಮಿ ಅವರು! ಅಪ್ಪ ಮಾತ್ರ ಒಂದು ಕರಾರಿನ ಮೇಲೆ ಒಪ್ಪಿದರು. ಮೂರು ವರ್ಷ ಕಾಲೇಜು. ನಡುವೆ ಒಂದೇ ಒಂದು ಪೇಪರ್ ಹೋದರೂ ಪುಸ್ತಕ ಮುಚ್ಚಿ ಎಸ್ಟೇಟ್ ಸ್ಟೋರಿನ ಕೆಲಸಕ್ಕೆ ಸೇರಬೇಕು.

ಹೊಂಗಡಹಳ್ಳದಲ್ಲಿ ಎರಡೆಕರೆ ಕಾಫಿ ಇಟ್ಟುಕೊಂಡವರು ವಾಹನ ತೆಗೆದರೆ ಜೀಪು ತೆಗೆಯುತ್ತಾರೆ. ಮಾವ ತಂದದ್ದು ದೊಡ್ಡ ಎಸ್ಟೇಟಿನ ಸಾಹುಕಾರರು ಬಳಸಿ ಬಿಟ್ಟ, ಹದಿನೆಂಟು ವರ್ಷ ಹಳೆಯ, ಹಿಂದೆ ಡಿಕ್ಕಿ ಇರುವ ಉದ್ದನೆಯ ಕಾರು. ಅದರ ಜೊತೆ ಒಂದು ಇಂಗ್ಲಿಷ್ ಬುಕ್ಕೂ ಬಂತು. ಕಾರಿನ ಹುಟ್ಟು, ಗುಣ, ಅಳತೆ ಎಲ್ಲ ಅದರಲ್ಲಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮಾವನಿಗೆ ಇಂಗ್ಲಿಷ್ ಬಾರದು. ಆಗ ಹೈಸ್ಕೂಲಿನಲ್ಲಿದ್ದ ನಾನು ಭಾನುವಾರ ಭಾನುವಾರ ಓದಿ ಅರ್ಥ ಹೇಳಬೇಕು, ಅವರು ಬಾಯಿಪಾಠ ಮಾಡಬೇಕು. ದಾರಿಯಲ್ಲಿ ಯಾರಾದರೂ ಚೆನ್ನಾಗಿದ್ದೀರಾ ಎಂದರೆ ಸಾಕು, ಎಂಜಿನ್ನಿನ ಸಿಸಿಯಿಂದ ಶುರುಮಾಡಿ, ಕಾರಿನ ಹೊಟ್ಟೆ ನೆಲದಿಂದ ನೂರ ಅರವತ್ತೈದು ಮಿಲಿಮೀಟರ್ ಮೇಲಿದೆ ಎಂಬುದನ್ನು ದಾಟಿ, ಟೈರಿನ ಗಾಳಿಯವರೆಗೆ ಹೇಳುತ್ತಿದ್ದರು. ಕೇಳಿದವರು ಮಾರನೆಯ ದಿನದಿಂದ ಬೇರೆ ದಾರಿ ಹಿಡಿಯುತ್ತಿದ್ದರು!

ಡಿಕ್ಕಿ ನಾನೂರು ಲೀಟರ್ ಎಂದು ಓದಿ ಹೇಳಿದ್ದೇ ನನ್ನ ತಪ್ಪು. ಡಿಕ್ಕಿಯನ್ನು ಲೀಟರಿನಲ್ಲಿ ಅಳೆಯುವುದುಂಟೇ? ಅದೇನು ಹಾಲಿನ ಕ್ಯಾನೇ? ಮಾವ ಲೀಟರಿನ ಅಳತೆ ತಂದು, ಕಣದಲ್ಲಿ ಒಣಗಿದ್ದ ಕಾಫಿ ಚೆರ್ರಿಯನ್ನು ಅಳೆದಳೆದು ಡಿಕ್ಕಿಗೆ ಸುರಿದರು. ಲೆಕ್ಕ ಇಡುವ ಕೆಲಸ ನನ್ನದು. ಮುನ್ನೂರ ಹದಿನೈದಕ್ಕೇ ತುಂಬಿ ಹೊರಗೆ ಚೆಲ್ಲಿತು.

"ಮೋಸ ಮಾಡ್ಬುಟ್ಟವ್ರೆ ಕಂಪನಿಯೋರು" ಎಂದು ಮಾವ ತಲೆಯ ಮೇಲೆ ಕೈಹೊತ್ತು ಕೂತರು.

ಶಾಲೆಯ ಮೆಟ್ಟಿಲು ಹತ್ತದ ನಮ್ಮಮ್ಮ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಲೇ ಇದ್ದಳು. "ಒಂದೊಂದು ಲೀಟರಿಗೂ ಗೋಪುರ ಕಟ್ಟಿ ಅಳೆದ್ರೆ ಎಲ್ಲಿಂದ ಬತ್ತೈತೋ ನಾನೂರು?"

ಅಕ್ಕನ ಮಾತು ಕೇಳಿ ಮಾವ ಮತ್ತೆ ಡಿಕ್ಕಿ ಖಾಲಿ ಮಾಡಿದರು. ಈ ಸಲ ಕಡ್ಡಿಯಿಂದ ತಲೆ ಸವರಿ ಸವರಿ ಅಳೆದದ್ದಾಯಿತು. ಮುನ್ನೂರ ತೊಂಬತ್ತೆಂಟು! ಕಂಪನಿಗೆ ಕ್ಷಮೆ ಸಿಕ್ಕಿತು.

ಆದರೆ ಊರಿಗೆ ಊರೇ ನಕ್ಕಿದ್ದು, ಇದರಲ್ಲಿ ಐದು ಜನ ಕೂರಬಹುದು ಎಂಬ ಸಾಲಿಗೆ. ನಮ್ಮ ಕಡೆ ಜೀಪಿನಲ್ಲಿ ಹದಿನಾರು ಜನ ತುಂಬಿದ ಮೇಲೂ ಡ್ರೈವರು ಖಾಲಿ ಐತೆ ಬನ್ನಿ ಎಂದು ಕರೆಯುತ್ತಾನೆ. ಮಾವನ ಕಾರಿನಲ್ಲಿ ಐದೆಂದರೆ ಐದು. ಯಸಳೂರಿನ ಮದುವೆಗೆ ಹೊರಟಾಗ ಆರನೆಯವರಾದರೆಂದು ಕಟ್ಟಿಕೊಂಡ ಹೆಂಡತಿಯನ್ನೇ ಬಸ್ಸಿಗೆ ಹತ್ತಿಸಿದವರು ಅವರು! ಸ್ಟಿಯರಿಂಗನ್ನಂತೂ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಕೆಳಗಿನ ಮನೆಯ ಜೀಪ್ ಡ್ರೈವರಂತೂ ಸುತರಾಂ ಕೂಡದು. ಅವನದು ಗೇರ್ ಹಾಕುವ ಕೈಯಲ್ಲ, ಸೌದೆ ಒಡೆಯುವ ಕೈ ಎಂಬುದು ಮಾವನ ದೂರು.

ನನ್ನ ಕೊನೆಯ ವರ್ಷದ ಕೊನೆಯ ಪೇಪರು. ಹತ್ತು ಗಂಟೆಗೆ ಸಕಲೇಶಪುರದಲ್ಲಿ ಪರೀಕ್ಷೆ. ಬಸ್ಸು ಬರಲೇ ಇಲ್ಲ. ಊರಿಂದ ದೂರದ ಬಸ್ ರಸ್ತೆಗೆ ನಡೆದು ಬಂದು, ಹಾಲ್ ಟಿಕೆಟ್ ಹಿಡಿದು ನಿಂತವಳಿಗೆ ಎಸ್ಟೇಟ್ ಸ್ಟೋರಿನ ಬಾಗಿಲು ಕಣ್ಣೆದುರಿಗೇ ತೆರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಮಾವನ ಕಾರು ಬಂದು ನಿಂತಿತು. ಒಳಗೆ ನೋಡಿದರೆ ಅದೇ ಜೀಪ್ ಡ್ರೈವರು, ಅವನ ತಾಯಿ, ಹೆಂಡತಿ, ಅಕ್ಕ! ಜೀಪು ಗ್ಯಾರೇಜಿನಲ್ಲಿತ್ತು, ತಾಯಿಗೆ ಕಣ್ಣು ತೋರಿಸಲು ಸಕಲೇಶಪುರದ ಆಸ್ಪತ್ರೆಗೆ ಹೊರಟಿದ್ದರು. ಮಾವ ಸೇರಿ ಐದು. ನಾನು ಆರು.

"ಅಡ್ಜಸ್ಟ್ ಮಾಡ್ಕಂಡ್ರೆ ಆಯ್ತದೆ ಕಣಣ್ಣ" ಎಂದ ಡ್ರೈವರು. "ಈ ಕಡ್ಡಿಯಂಗಿರೋ ಹುಡುಗಿ ಎಷ್ಟು ಜಾಗ ತಿಂತಾಳೆ?"

"ಐದು ಅಂತ ಬರ್ದೈತೆ."

ನನಗೆ ಅಳು ಬಂತು. ಮಾವ ನನ್ನ ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡಿದರು. ಕೈಯ ಗಡಿಯಾರ ನೋಡಿದರು. ಎಂಜಿನ್ ಆಫ್ ಮಾಡಿ ಕೆಳಗಿಳಿದರು. ಕೀಯನ್ನು ಪಂಚೆಯ ತುದಿಯಲ್ಲಿ ಒರೆಸಿ, ಡ್ರೈವರನ ಕೈಗೆ ಕೊಟ್ಟರು.

"ಗೇರ್ ಮೆತ್ತಗೆ ಹಾಕು. ಹತ್ತು ಗಂಟೆಗೆ ಇವ್ಳು ಒಳಗಿರ್ಬೇಕು."

ಹಿಂದಿನ ಗಾಜಿನಿಂದ ನೋಡಿದೆ. ಮನೆಗೆ ಮೂರು ಮೈಲಿ ನಡೆಯಬೇಕಾದವರು ಕಾರು ಹೋದ ಕಡೆಗೇ ನೋಡುತ್ತಾ ನಿಂತಿದ್ದರು. ಅದು ನನ್ನ ಮೇಲಿನ ಪ್ರೀತಿಯೋ, ಗೇರಿನ ಚಿಂತೆಯೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ!

ಹತ್ತಕ್ಕೆ ಐದು ನಿಮಿಷ ಇರುವಾಗ ಒಳಗೆ ಹೋದೆ. ಬರೆದೆ. ಪಾಸಾದೆ.

ಪದವಿ ಪತ್ರ ಬಂದ ದಿನ ಮಾವನನ್ನು ಮನೆಗೆ ಕರೆದು ಅವರ ಕೈಗೇ ಕೊಟ್ಟೆ. ಈಗಲಾದರೂ ಸೋಲು ಒಪ್ಪಿಕೊಳ್ಳುತ್ತಾರೆ ಎಂದು ಮುಖ ನೋಡುತ್ತಾ ನಿಂತೆ. ಅವರು ಕನ್ನಡದ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಬೆರಳು ನನ್ನ ಹೆಸರನ್ನು ದಾಟಿ ಮುಂದೆ ಹೋಗಿ, ಇಂಥ ತಂದೆತಾಯಿಯ ಮಗಳು ಎಂಬಲ್ಲಿ ನಿಂತಿತು. ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ಅಕ್ಕ, ಕೈ ಒರೆಸ್ಕಂಡು ಬಾ ಇಲ್ಲಿ. ನಿನ್ನ ಹೆಸ್ರು ಅಚ್ಚಾಗೈತೆ."